ಎಂಬತ್ನಾಲ್ಕು ಚಾದರ: ಹನ್ನೆರಡು ವರ್ಷದ ವಾಷಿಂಗ್ ಮಷೀನಿನ ಒಂದು ಪ್ರಕರಣ

2025ರ ಜೂನ್ ಮೂರನೇ ವಾರ. ಬೆಳಿಗ್ಗೆ ಏಳಕ್ಕೆ ಪುಣೆ ಹತ್ತಿರದ ಮೋಶಿಯಿಂದ ಅಕ್ಕನ ಫೋನು ಬಂತು. "ತಮ್ಮಾ, ಆಯಿ ಚಾದರದ ಮ್ಯಾಲೆ ಕಂದು ಕಲಿ ಬೀಳಾಕತ್ತಾವು. ತಿಕ್ಕಿದ್ರೂ ಹೋಗವಲ್ಲವು. ಮಷೀನಿನ ಬುಡಕ್ಕೂ ನೀರು ಇಳದೈತಿ." ಆಯಿ ಅಂದರೆ ಅಕ್ಕನ ಅತ್ತೆ. ಕಲೆ ಮುಟ್ಟಿದರೆ ಕೈಗೆ ಜಿಡ್ಡು ಹತ್ತುತ್ತದೆಯೇ ಎಂದು ಕೇಳಿದೆ. "ಹೂಂ, ಎಣ್ಣಿ ಎಣ್ಣಿ ಐತಿ" ಅಂದಳು. ಅಷ್ಟು ಸಾಕಾಯಿತು. ತುಕ್ಕಿನ ಜೊತೆ ಗ್ರೀಸು ಬೆರೆತು ಬಟ್ಟೆಯ ತನಕ ಬಂದಿದೆ ಎಂದರೆ ಡ್ರಮ್ಮಿನ ಹಿಂದಿನ ಸೀಲು ಕೆಟ್ಟಿದೆ, ಅದರ ಹಿಂದೆ ಡ್ರಮ್ಮು ಸಲೀಸಾಗಿ ತಿರುಗಲೆಂದು ಕೂಡಿಸಿದ ಬೇರಿಂಗು ನೀರು ಕುಡಿದಿದೆ. ಚಿಂಚವಡದ ಬೇರಿಂಗ್ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ 31 ವರ್ಷ ದುಡಿದವನು ನಾನು. ಇಷ್ಟು ಹೇಳುವುದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಉಳಿದದ್ದಕ್ಕೆಲ್ಲ ಕೇಳಬೇಕಾಯಿತು. ರಿಪೇರಿ ಮಾಡಿಸುವುದೋ, ಹೊಸದು ತರುವುದೋ ಎಂಬ ಪ್ರಶ್ನೆ ಆರು ದಿನ ನಮ್ಮನ್ನು ಕೂರಗೊಡಲಿಲ್ಲ. ಆ ಆರು ದಿನದಲ್ಲಿ ಹಾಕಿದ ಲೆಕ್ಕ, ಕಣ್ಣಾರೆ ಕಂಡದ್ದು, ಮನೆಯಲ್ಲಿ ಆದ ಮಾತು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮನೆ, ನೀರು, ಮಷೀನು

ಮಷೀನು 7 ಕೆಜಿಯ ಫ್ರಂಟ್ ಲೋಡ್, ನಿಮಿಷಕ್ಕೆ 1000 ಸುತ್ತಿನ ಸ್ಪಿನ್. 2013ರ ಯುಗಾದಿಗೆ ತಂದದ್ದು. ಆಗ ಅಕ್ಕನ ಮನೆ ನಿಗಡಿ ಪ್ರಾಧಿಕರಣದಲ್ಲಿತ್ತು, ನಲ್ಲಿಗೆ ಪವನಾ ನದಿಯ ನೀರು ಬರುತ್ತಿತ್ತು. 2019ರಲ್ಲಿ ಮೋಶಿಯ ದೊಡ್ಡ ಸೊಸೈಟಿಗೆ ಹೋದರು. ಅದೇ ವರ್ಷದ ಕೊನೆಗೆ ಪಿಂಪ್ರಿ-ಚಿಂಚವಡ ಪಾಲಿಕೆ ದಿನ ಬಿಟ್ಟು ದಿನ ನೀರು ಬಿಡಲು ಶುರು ಮಾಡಿತು. ಕೊರತೆ ಬಿದ್ದಷ್ಟನ್ನು ಸೊಸೈಟಿಯವರು ಬೋರು ಮತ್ತು ಟ್ಯಾಂಕರಿನಿಂದ ತುಂಬಿಸುತ್ತಾರೆ. ಆ ನೀರಿನ ಗಡಸುತನವನ್ನು ನಾನೇ ಕಿಟ್ ತಂದು ಪರೀಕ್ಷೆ ಮಾಡಿದೆ. ಲೀಟರಿಗೆ 420 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ 200, ಬೇರೆ ನೀರಿನ ಮೂಲವೇ ಇಲ್ಲದಾಗ 600ರ ತನಕ ನಡೆಯುತ್ತದೆ. ಇಂಥ ನೀರಿನಲ್ಲಿ ಸಾಬೂನು ನೊರೆ ಕಟ್ಟುವುದಕ್ಕಿಂತ ಮೊದಲು ಮೊಸರಿನ ಹಾಗೆ ಒಡೆಯುತ್ತದೆ. ಆ ಗಸಿ ಮಷೀನಿನೊಳಗೆ ಎಲ್ಲೋ ಒಂದು ಕಡೆ ಹೋಗಿ ಕೂರಲೇಬೇಕು.

ಇನ್ನು ಆಯಿ. ವಯಸ್ಸು 86. 2022ರ ಜೂನಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲ. ದಿನಕ್ಕೆ ನಾಲ್ಕು ಚಾದರ, ಅದರ ಮೇಲೆ ಅವರ ನೈಟಿ, ದುಪ್ಪಟಿ, ಒರೆಸುವ ಬಟ್ಟೆಗಳು. ದಿನಕ್ಕೆ ಎರಡು ಸಲ ಮಷೀನು ಓಡಬೇಕು, ಅದೂ 60 ಡಿಗ್ರಿ ಬಿಸಿ ನೀರಿನಲ್ಲಿ. ಮೂರು ವರ್ಷವಾದರೂ ಆಯಿಯ ಬೆನ್ನಿಗೆ ಒಂದು ಹುಣ್ಣು ಆಗಿಲ್ಲ. ಮಲಗಿದ ಮನುಷ್ಯರನ್ನು ನೋಡಿಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಮೊದಲ ದಿನವೇ ನಾನು ಒಂದು ಲೆಕ್ಕ ಹಾಕಿದೆ. 2013ರಿಂದ 2022ರ ತನಕ ವಾರಕ್ಕೆ ನಾಲ್ಕು ಸಲದಂತೆ ಒಂಬತ್ತು ವರ್ಷಕ್ಕೆ ಸುಮಾರು 1,870 ಒಗೆತ. ಆಮೇಲಿನ ಮೂರೇ ವರ್ಷಕ್ಕೆ ದಿನಕ್ಕೆರಡರಂತೆ 2,190. ಅಂದರೆ ಮಷೀನು ತನ್ನ ಆಯುಷ್ಯದ ಅರ್ಧಕ್ಕೂ ಹೆಚ್ಚು ದುಡಿಮೆಯನ್ನು ಆಯಿ ಹಾಸಿಗೆ ಹಿಡಿದ ಮೇಲೆ ಮಾಡಿದೆ. "ಹನ್ನೆರಡು ವರ್ಷ ಆತಲ್ಲ, ಸಾಕ್ ಬಿಡು" ಎಂದು ಭಾವ ಅಂದಾಗ ನಾನು ಈ ಎರಡು ಅಂಕಿ ಅವರ ಮುಂದಿಟ್ಟೆ. ವಾರಕ್ಕೆರಡು ಸಲ ಓಡಿದ ಹನ್ನೆರಡು ವರ್ಷದ ಮಷೀನು ಬೇರೆ, ಇದು ಬೇರೆ. ಮಷೀನಿನ ವಯಸ್ಸನ್ನು ಒಗೆತದಲ್ಲಿ ಎಣಿಸಬೇಕು.

ಗಿರಣಿ ಸಪ್ಪಳದ ಎಂಟು ತಿಂಗಳು

ಸಪ್ಪಳ ಹಿಂದಿನ ದೀಪಾವಳಿಗೇ ಶುರುವಾಗಿತ್ತು. ಸ್ಪಿನ್ ಏರಿದಂತೆ ಜೋಳದ ಗಿರಣಿಯ ಹಾಗೆ ಗುರ್ರೆನ್ನುತ್ತದೆ ಎಂದು ಅಕ್ಕ ಹೇಳಿದ್ದಳು. ಹೋಗಿ ಕೇಳಿದ್ದೆ, ಬೇರಿಂಗು ಸವೆದಿದೆ ಎಂದೂ ಹೇಳಿದ್ದೆ. ಆದರೆ ಬಿಚ್ಚಿಸಿದರೆ ಎರಡು ಮೂರು ದಿನ ಮಷೀನು ನಿಲ್ಲುತ್ತದೆ. ಆ ಎರಡು ಮೂರು ದಿನ ಆ ಮನೆಗೆ ಎಂದೂ ಸಿಗಲಿಲ್ಲ. ಒಗೆತ ನಡೆಯುತ್ತಿತ್ತು, ಆದ್ದರಿಂದ ನಡೆಯಗೊಟ್ಟೆವು. ನಾನು ಅಷ್ಟಕ್ಕೇ ಬಿಡಬಾರದಿತ್ತು.

ಆಗ ನಾನು ಮಾಡಿಸಿದ್ದು ಒಂದೇ ಕೆಲಸ, ಸ್ಪಿನ್ನನ್ನು 1000ದಿಂದ 600ಕ್ಕೆ ಇಳಿಸಿದ್ದು. ಅದಕ್ಕೆ ಕಾರಣ ಇದೆ. ಡ್ರಮ್ಮಿನ ತ್ರಿಜ್ಯ ಸುಮಾರು 24 ಸೆಂಟಿಮೀಟರ್. ಹಸಿ ಚಾದರ ಒಂದು ಕಡೆ ಗಂಟು ಕಟ್ಟಿ ಅರ್ಧ ಕೆಜಿಯಷ್ಟು ತೂಕ ಸಮತೋಲ ತಪ್ಪಿತು ಎನ್ನೋಣ. 1000 ಸುತ್ತಿನಲ್ಲಿ ಆ ಅರ್ಧ ಕೆಜಿ 130 ಕೆಜಿಗೂ ಮೇಲಿನ ತೂಕದ ಹಾಗೆ ಹೊರಗೆ ಎಳೆಯುತ್ತದೆ, ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತ. 600 ಸುತ್ತಿನಲ್ಲಿ ಅದೇ ಎಳೆತ ಐವತ್ತು ಕೆಜಿಯ ಒಳಗೆ ಬರುತ್ತದೆ. ಆ ಎಳೆತವನ್ನೆಲ್ಲ ಹೊರುವುದು ಡ್ರಮ್ಮಿನ ಬೆನ್ನಿಗೆ ಕೂಡಿಸಿದ ಮೂರು ತೋಳಿನ ಒಂದು ಅಲ್ಯೂಮಿನಿಯಂ ಎರಕ. ಮೆಕ್ಯಾನಿಕ್‌ಗಳು ಅದಕ್ಕೆ ಸ್ಪೈಡರ್ ಅನ್ನುತ್ತಾರೆ. ನಡುವೆ ಉಕ್ಕಿನ ಶಾಫ್ಟು, ಶಾಫ್ಟಿನ ಮೇಲೆ ಎರಡು ಬೇರಿಂಗು, ಡ್ರಮ್ಮಿನ ಕಡೆಗೆ ನೀರು ತಡೆಯುವ ರಬ್ಬರ್ ಸೀಲು. ಈ ಪ್ರಕರಣ ನಡೆದದ್ದೆಲ್ಲ ಅಂಗೈ ಅಗಲದ ಆ ಜಾಗದಲ್ಲಿ.

ಫೋನು ಬಂದ ಮಧ್ಯಾಹ್ನವೇ ಹೋಗಿ ಹಿಂದಿನ ಮುಚ್ಚಳ ತೆಗೆದೆ. ಬೆಲ್ಟು ಕಳಚಿ ಮೋಟರನ್ನು ಬೇರೆಯಾಗಿ ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು. ಡ್ರಮ್ಮನ್ನು ಕೈಯಿಂದ ತಿರುಗಿಸಿದರೆ ಒಳಗೆ ಮರಳು ಅರೆದಂತಾಯಿತು. ಬಾಗಿಲು ತೆಗೆದು ಡ್ರಮ್ಮಿನ ಮೇಲಂಚು ಹಿಡಿದು ಎತ್ತಿದೆ. ಟಕ್ ಎಂದು ಎದ್ದಿತು, ನಾಲ್ಕು ಮಿಲಿಮೀಟರಿನಷ್ಟು. ಡ್ರಮ್ಮಿನ ಸುತ್ತ ನೀರು ಹಿಡಿದಿಡುವ ಟಬ್ಬಿನ ಹಿಂದೆ ಶಾಫ್ಟಿನಿಂದ ಕೆಳಗೆ ಕೆಂಪು ತುಕ್ಕಿನ ಗೆರೆ ಇಳಿದಿತ್ತು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಯಾರೂ ಮನೆಯಲ್ಲೇ ಮಾಡಬಹುದು. ಪ್ಲಗ್ ಮಾತ್ರ ಮೊದಲು ಕೀಳಬೇಕು.

ಮೂರು ಬಾಯಿ, ಮೂರು ಬೆಲೆ

ಕಂಪನಿಯ ಅಧಿಕೃತ ಸರ್ವಿಸಿನ ಹುಡುಗ ಮರುದಿನ ಬಂದ. ಸಪ್ಪಳ ಕೇಳಿದ, ಬಿಚ್ಚಲಿಲ್ಲ. ಬೇರಿಂಗ್ ಒಂದನ್ನೇ ಹಾಕುವ ಪದ್ಧತಿ ತಮ್ಮಲ್ಲಿಲ್ಲ, ಟಬ್ಬು-ಡ್ರಮ್ಮು ಪೂರ್ತಿ ಜೋಡಣೆಯನ್ನೇ ಬದಲಿಸುವುದು, ಕೂಲಿ ಸೇರಿ 14,800 ರೂಪಾಯಿ, ಈ ಮಾಡೆಲು ನಿಂತು ಬಹಳ ದಿನವಾದ್ದರಿಂದ ಸಾಮಾನು ಬರುವುದಕ್ಕೆ ತಿಂಗಳಾಗಬಹುದು ಎಂದ. ಹೋಗುವಾಗ ಹೊಸದರ ಎಕ್ಸ್‌ಚೇಂಜ್ ಆಫರಿನ ಚೀಟಿ ಕೊಟ್ಟ.

ಅಂಗಡಿಯಲ್ಲಿ 8 ಕೆಜಿಯ ಹೊಸ ಫ್ರಂಟ್ ಲೋಡಿಗೆ 33,500 ಹೇಳಿದರು. ಹಳೆಯದನ್ನು ಕೊಟ್ಟರೆ 2,000 ಕಡಿಮೆ. ಸೇಲ್ಸಿನವರ ದೊಡ್ಡ ಮಾತು ಕರೆಂಟಿನ ಉಳಿತಾಯ. ಈ ಮಾತನ್ನು ನಾನು ಅಲ್ಲೇ ಕಾಗದದ ಮೇಲೆ ಹಾಕಿ ನೋಡಿದೆ. 60 ಡಿಗ್ರಿಯ ಒಗೆತದಲ್ಲಿ ಕರೆಂಟು ಹೋಗುವುದು ಬಹುಪಾಲು ನೀರು ಕಾಸುವುದಕ್ಕೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ಟು ಬೇಕೇ ಬೇಕು. ಮೇಲೆ ಎಷ್ಟು ನಕ್ಷತ್ರದ ಚೀಟಿ ಅಂಟಿಸಿದ್ದರೂ ನೀರು ಅದಕ್ಕಿಂತ ಕಡಿಮೆಗೆ ಕಾಯುವುದಿಲ್ಲ. ನೀರನ್ನೇ ಕಡಿಮೆ ತೆಗೆದುಕೊಂಡರೆ ಮಾತ್ರ ಉಳಿತಾಯ. ಹೊಸ ಮಷೀನು ಪ್ರತಿ ಒಗೆತಕ್ಕೆ 0.2 ಯೂನಿಟ್ಟು ಉಳಿಸುತ್ತದೆ ಎಂದು ಧಾರಾಳವಾಗಿಯೇ ಹಿಡಿದೆ. ದಿನಕ್ಕೆ ಎರಡು ಒಗೆತ, ವರ್ಷಕ್ಕೆ 146 ಯೂನಿಟ್ಟು. ಯೂನಿಟ್ಟಿಗೆ 12 ರೂಪಾಯಿ ಅಂದರೂ 1,752 ರೂಪಾಯಿ. ಕರೆಂಟಿನ ಉಳಿತಾಯಕ್ಕಾಗಿ ಹೊಸದು ತರುವುದು ಈ ಮನೆಯ ಮಟ್ಟಿಗೆ ಕಾರಣವೇ ಅಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯವನು ಭೋಸರಿಯಲ್ಲಿ ಅಂಗಡಿ ಇಟ್ಟುಕೊಂಡ ಹುಡುಗ, ಇಂಡಿ ತಾಲೂಕಿನವನು. ಫೋನಿನಲ್ಲಿ ನನ್ನ ಕನ್ನಡ ಕೇಳಿದವನೇ "ಕಾಕಾರ, ಎಲ್ಲಿಯವರ್ರಿ?" ಎಂದು ಶುರು ಮಾಡಿದ. ಎರಡು ಬೇರಿಂಗು, ಸೀಲು, ಕೂಲಿ ಎಲ್ಲ ಸೇರಿ 4,500. ಬಿಚ್ಚಿದ ಮೇಲೆ ಬೇಡ ಅಂದರೆ ಬಿಚ್ಚಿದ್ದಕ್ಕೆ 800. ಆದರೆ ಒಂದು ಮಾತು ಸೇರಿಸಿದ. "ಬೇರಿಂಗ್ ಹೋಗ್ಯಾವು, ಅದು ಬಿಡ್ರಿ. ಅವು ಸಿಗತಾವು. ಸ್ಪೈಡರ್ ಹೆಂಗೈತಿ ಅಂತ ಬಿಚ್ಚದ ಹೇಳಾಕ ಬರೂದಿಲ್ರಿ. ನನ್ನ ರೇಟು ಬಿಚ್ಚಿದ ಮ್ಯಾಲೆ ಬದಲಾದ್ರ ಸಿಟ್ಟಿಗೇಳಬ್ಯಾಡ್ರಿ."

ಮೂವರಲ್ಲಿ ನನಗೆ ಹಿಡಿಸಿದ್ದು ಇವನ ಮಾತು. ಬಿಚ್ಚದೆ ಖಚಿತ ಬೆಲೆ ಹೇಳಿದವರಿಬ್ಬರ ಲೆಕ್ಕದಲ್ಲಿ ಮಷೀನೇ ಇರಲಿಲ್ಲ.

ಒಂದು ಅಗ್ಗದ ದಾರಿಯನ್ನೂ ನೋಡಿದೆವು. ಸದ್ಯಕ್ಕೆ ಹತ್ತು ಸಾವಿರದೊಳಗಿನ ಸೆಮಿ ಆಟೊಮ್ಯಾಟಿಕ್ ತರುವುದು. ಅದರಲ್ಲಿ ನೀರು ಕಾಯುವುದಿಲ್ಲ, ಹಸಿ ಚಾದರಗಳನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಕೈಯಿಂದಲೇ ಎತ್ತಿ ಹಾಕಬೇಕು. ಅಕ್ಕನಿಗೆ 63 ವರ್ಷ, ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಅದು ಅಲ್ಲಿಗೇ ಮುಗಿಯಿತು.

ಬಿಚ್ಚಿದ ದಿನ

ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರರ ಪಾಲಖಿ ಹೊರಟ ದಿನ ರಸ್ತೆಗಳು ಬಂದಾದ್ದರಿಂದ ಹುಡುಗನಿಗೆ ಬರಲಾಗಲಿಲ್ಲ. ಮರುದಿನ ಮುಂಜಾನೆ ಒಬ್ಬ ಸಹಾಯಕನನ್ನು ಕರೆದುಕೊಂಡು ಬಂದ. ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಯಲ್ಲಿ ಮಷೀನು. ಹೊರಗೆ ಮಳೆ ಹನಿಯುತ್ತಿತ್ತು. ಮೇಲಿನ ಹಲಗೆ, ಸಾಬೂನಿನ ಡಬ್ಬಿ, ಬಾಗಿಲಿನ ರಬ್ಬರಿನ ತಂತಿ, ಕಾಂಕ್ರೀಟಿನ ಎರಡು ತೂಕದ ಕಲ್ಲು, ಕೆಳಗಿನ ಶಾಕರ್‌ಗಳು, ಮೋಟರು ಒಂದೊಂದಾಗಿ ಇಳಿದವು. ಪ್ರತಿಯೊಂದಕ್ಕೂ ಮೊದಲು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಿದ್ದ. ಆ ಒಂದು ಅಭ್ಯಾಸ ನೋಡಿ ನನಗೆ ಅವನ ಮೇಲೆ ಭರವಸೆ ಬಂತು.

ಟಬ್ಬು ಹೊರಗೆ ಬಂದ ಮೇಲೆ ಮೊದಲು ನೋಡಿದ್ದು ಅದರ ಸುತ್ತಿನ ಜೋಡಣೆಯನ್ನು. ಸುತ್ತಲೂ ಸ್ಕ್ರೂ ಇದ್ದವು. ಹುಡುಗ ನಕ್ಕ. "ನಶೀಬ ಚಲೋ ಐತಿ ಅಕ್ಕಾರ. ಈಗಿನ ಎಷ್ಟೋ ಮಷೀನದಾಗ ಟಬ್ಬಿನ ಎರಡೂ ಹೋಳು ಅಂಟಿಸೇ ಬಿಟ್ಟಿರತಾರು, ಗರಗಸ ಹಚ್ಚಿ ಕೊಯ್ಯಬೇಕಾಗತೈತಿ."

ಟಬ್ಬು ಎರಡು ಹೋಳಾಯಿತು. ವಾಸನೆ ಮೊದಲು ಬಂತು, ಕೊಳೆತ ಸಾಬೂನಿನ ವಾಸನೆ. ಡ್ರಮ್ಮಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಹಿಂಬದಿಯಲ್ಲಿ ಬೆರಳಷ್ಟು ದಪ್ಪ ಬೂದು ಗಸಿ ಕೂತಿತ್ತು. ಹನ್ನೆರಡು ವರ್ಷ ದಿನಾ ಮುಟ್ಟಿದ ವಸ್ತುವಿನ ಇನ್ನೊಂದು ಮುಖ ಅದು. ಅಕ್ಕ ಸೆರಗು ಮೂಗಿಗೆ ಹಿಡಿದು ನೋಡುತ್ತ ನಿಂತಳು.

ಡ್ರಮ್ಮಿನ ಕಡೆಯ ದೊಡ್ಡ ಬೇರಿಂಗಿನ ನಂಬರು 6206, ಹೊರ ವ್ಯಾಸ 62 ಮಿಲಿಮೀಟರ್. ಹಿಂದಿನ ಸಣ್ಣದು 6205, ಅದು 52. ನನ್ನ ಕೈಯಿಂದ ಇವು ಲಕ್ಷಗಟ್ಟಲೆ ದಾಟಿ ಹೋಗಿವೆ. ದೊಡ್ಡದು ಹೊರಬಂದಾಗ ಒಳಗಿನ ಗುಂಡುಗಳು ಕೆಂಪಾಗಿ, ಅವನ್ನು ಹಿಡಿದಿಡುವ ಪಂಜರ ಮುರಿದು ಮೂರು ತುಂಡಾಗಿತ್ತು. ನನ್ನ ಮನಸ್ಸು ಹಗುರಾಯಿತು. ಇದು ನನಗೆ ಗೊತ್ತಿರುವ ರೋಗ. ಎರಡೂ ಬದಿ ರಬ್ಬರ್ ಮುಚ್ಚಳವಿರುವ ಒಳ್ಳೆ ಬೇರಿಂಗು ಹಾಕಿದರೆ ಇನ್ನೂ ಐದು ವರ್ಷ ಓಡುತ್ತದೆ ಎಂದು ಅಕ್ಕನಿಗೆ ಹೇಳಿಯೂ ಬಿಟ್ಟೆ.

ಹುಡುಗ ಏನೂ ಅನ್ನಲಿಲ್ಲ. ಗಸಿ ಕೆರೆದು ಸ್ಪೈಡರನ್ನು ನೀರಿನಲ್ಲಿ ತೊಳೆದು ನನ್ನ ಮುಂದಿಟ್ಟ. ಮೂರು ತೋಳಿನ ಮೇಲೂ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಕೆಲವು ಕಡೆ ತುದಿ ಒಳಗೇ ಇಳಿಯಿತು. ಶಾಫ್ಟಿಗೆ ತೊಡಿಸಿದ, ಬುಶ್ಶು ಅನ್ನುವ ಹಿತ್ತಾಳೆ ಬಳೆಯ ಮೇಲೆ, ಸೀಲು ಉಜ್ಜುವ ಜಾಗದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ. ಆ ಗೆರೆ ಇರುವ ತನಕ ಹೊಸ ಸೀಲು ಹಾಕಿದರೂ ಆರು ತಿಂಗಳಲ್ಲಿ ಮತ್ತೆ ನೀರು ಒಸರುತ್ತದೆ.

ಇನ್ನೊಂದು ಅನುಮಾನ ಉಳಿದಿತ್ತು. ಕಾರ್ಖಾನೆಯಲ್ಲಿ ಎರಕದ ಬಿರುಕು ನೋಡಲು ನಾವು ಹಳೇ ಕಾಲದ ಒಂದು ಉಪಾಯ ಮಾಡುತ್ತಿದ್ದೆವು. ಹುಡುಗನ ಬಳಿ ಸಾಮಾನು ತೊಳೆಯುವ ಡೀಸೆಲ್ ಇತ್ತು. ಅದನ್ನು ತೋಳುಗಳ ಬುಡಕ್ಕೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗುವಂತೆ ಒರೆಸಿದೆ. ಆಮೇಲೆ ಅಕ್ಕನ ದೇವರ ಮನೆಯಿಂದ ರಂಗೋಲಿ ಹಿಟ್ಟು ತರಿಸಿ ತೆಳ್ಳಗೆ ಉದುರಿಸಿದೆ. ಬಿರುಕು ಇದ್ದರೆ ಒಳಗೆ ಕೂತ ಎಣ್ಣೆಯನ್ನು ಹಿಟ್ಟು ಹೀರಿಕೊಳ್ಳುತ್ತದೆ. ಮೂವರೂ ಬಗ್ಗಿ ನೋಡುತ್ತಿದ್ದೆವು. ಎರಡು ತೋಳಿನ ಬುಡ ಬೆಳ್ಳಗೇ ಉಳಿಯಿತು. ಮೂರನೆಯದರ ಬುಡದಲ್ಲಿ ನಿಧಾನವಾಗಿ ಕೂದಲೆಳೆಯಂಥ ಕಪ್ಪು ಗೆರೆ ಎದ್ದು ಬಂತು. ಎರಡು ನಿಮಿಷಕ್ಕೆ ಮೂರು ಸೆಂಟಿಮೀಟರ್ ಆಯಿತು.

"ಕಾಕಾರ, ಇದು ಸ್ಪಿನ್ನಿನಾಗ ಮುರದಿದ್ರ ಡ್ರಮ್ಮು ಟಬ್ಬು ಒಡಕೊಂಡು ಹೊರಗ ಬರತಿತ್ತು" ಅಂದ ಹುಡುಗ. ನಾನು ಗೋಡೆಯ ಆಚೆ ನೋಡಿದೆ. ಆಯಿಯ ಮಂಚ ಆ ಗೋಡೆಗೇ ಹತ್ತಿ ಇದೆ.

ಯಾಕೆ ಹೀಗಾಯಿತು

ಬೇರಿಂಗು ಹಾಳಾದದ್ದು ಸೀಲಿನಿಂದ. ಸ್ಪೈಡರಿನ ಕಥೆ ಬೇರೆ. ಸ್ಟೀಲಿನ ಡ್ರಮ್ಮಿಗೆ ಅಲ್ಯೂಮಿನಿಯಂ ತೋಳು ಬೋಲ್ಟ್ ಆಗಿದೆ, ಸುತ್ತಲೂ ಸಾಬೂನಿನ ಉಪ್ಪುನೀರು. ಎರಡು ಬೇರೆ ಬೇರೆ ಲೋಹ ಇಂಥ ನೀರಿನಲ್ಲಿ ಕೂಡಿದರೆ ಸಣ್ಣ ಬ್ಯಾಟರಿಯ ಹಾಗಾಗಿ ಅಲ್ಯೂಮಿನಿಯಂ ಕರಗುತ್ತದೆ. ಅಲ್ಯೂಮಿನಿಯಂ ಸ್ಪೈಡರಿನ ಫ್ರಂಟ್ ಲೋಡುಗಳಲ್ಲಿ ಇದು ಸ್ವಲ್ಪ ಸ್ವಲ್ಪ ಆಗುವುದೇ. ಇಲ್ಲಿ ಅದರ ವೇಗ ಹೆಚ್ಚಿತ್ತು.

ಒಗೆಯುವಾಗ ಸಾಬೂನಿನ ಜೊತೆ ಮತ್ತೇನು ಹಾಕುತ್ತಿದ್ದೆ ಎಂದು ಕೇಳಿದೆ. ಅಕ್ಕ ಕಪಾಟಿನಿಂದ ಎರಡು ಡಬ್ಬಿ ತಂದಿಟ್ಟಳು. ಒಂದು ವಾಷಿಂಗ್ ಸೋಡಾ, ಇನ್ನೊಂದು ಬ್ಲೀಚು. ಆಯಿಗೆ ಸೋಂಕು ತಾಗಬಾರದು, ಕೋಣೆಯಲ್ಲಿ ವಾಸನೆ ನಿಲ್ಲಬಾರದು ಎಂದು ಮೂರು ವರ್ಷ ದಿನಾ ಒಂದೊಂದು ಲೋಟ. ಸೋಡಾದ ಕ್ಷಾರ ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರ ತಿನ್ನುತ್ತದೆ. ಬ್ಲೀಚಿನ ಕ್ಲೋರೈಡು ಅಲ್ಲಿ ಗುಳಿ ಕೊರೆಯುತ್ತದೆ. ಗಡಸು ನೀರಿನ ಗಸಿ ಇವೆರಡನ್ನೂ ತೋಳಿಗೆ ಮೆತ್ತಿ ರಾತ್ರಿಯಿಡೀ ಒದ್ದೆಯಾಗಿ ಇಡುತ್ತದೆ. ಧೂಳು ಹೋಗಬಾರದೆಂದು ಬಾಗಿಲೂ ಮುಚ್ಚಿಯೇ ಇರುತ್ತಿತ್ತು.

"ಹಂಗಾರ ನಾನs ಕೆಡಿಸಿದೆ ಅನ್ನು" ಎಂಬ ಅರ್ಥದಲ್ಲಿ ಅಕ್ಕ ನನ್ನ ಮುಖ ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ನಾನು ಹೇಳಿದೆ: ಆಯಿಯ ಬೆನ್ನು ಸ್ವಚ್ಛ ಐತಿ, ಮಷೀನಿನ ಬೆನ್ನು ಹೋಗೇತಿ. ಎರಡರಾಗ ಯಾವುದು ಉಳಿಯಬೇಕಿತ್ತೋ ಅದು ಉಳಿದೈತಿ. ಅವಳು ಡಬ್ಬಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ತಾಪಕೀರ್ ಗಲ್ಲಿ ಮತ್ತು ರಾತ್ರಿಯ ಮಾತು

ಸ್ಪೈಡರ್ ಸಿಕ್ಕರೆ ಕೆಲಸ ಆಗುತ್ತಿತ್ತು. ಪಿಂಪ್ರಿಯಿಂದ ಮೆಟ್ರೊ ಹಿಡಿದು ಕಸಬಾ ಪೇಠದಲ್ಲಿ ಇಳಿದು ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋದೆ. ವಿದ್ಯುತ್ ಸಾಮಾನಿಗೆ ಪುಣೆಯವರೆಲ್ಲ ಹೋಗುವ ಜಾಗ. ಬಿರುಕು ಬಿಟ್ಟ ಸ್ಪೈಡರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ನಾಲ್ಕು ಅಂಗಡಿ ತಿರುಗಿದೆ. ಬೇರಿಂಗು, ಸೀಲು ಎಲ್ಲ ಕಡೆ ಇವೆ. ಈ ಅಳತೆಯ ಸ್ಪೈಡರ್ ದೆಹಲಿಯಿಂದ ಬರಬೇಕು, 3,400 ರೂಪಾಯಿ, ಮೂರು ವಾರ. ಬಾಗಿಲಿನ ರಬ್ಬರೂ ಕಪ್ಪು ಬೂಷ್ಟು ಹಿಡಿದಿತ್ತು, ಅದಕ್ಕೆ 1,600. ಹುಡುಗನ 4,500 ಸೇರಿ ಒಟ್ಟು 9,500.

ರಾತ್ರಿ ಊಟವಾದ ಮೇಲೆ ಕೂತೆವು. ನಾನು ರಿಪೇರಿಯ ಕಡೆ. ಎಕ್ಸ್‌ಚೇಂಜ್ ಕಳೆದು ಹೊಸದಕ್ಕೆ 31,500, ಇದಕ್ಕೆ 9,500. ಉಳಿಯುವುದು 22,000. ಕರೆಂಟಿನ 1,752ರಿಂದ ಅದನ್ನು ತುಂಬಿಕೊಳ್ಳಲು ಹನ್ನೆರಡು ವರ್ಷ ದಾಟುತ್ತದೆ. ಮೋಟರು ಚೆನ್ನಾಗಿದೆ, ಬೋರ್ಡು ಚೆನ್ನಾಗಿದೆ, ಟಬ್ಬು ಸ್ಕ್ರೂದ್ದು. ಸ್ಪೈಡರೇ ಹೊಸದಾದರೆ ಹಳೆಯದರ ಭಯವೂ ಇಲ್ಲ. ರಿಪೇರಿಯ ಖರ್ಚು ಹೊಸದರ ಅರ್ಧಕ್ಕಿಂತ ಕಡಿಮೆ ಇದ್ದರೆ ರಿಪೇರಿ ಮಾಡಿಸು ಎನ್ನುವ ಜನರ ಮಾತಿಗೂ ಇದು ಮೂರರಲ್ಲಿ ಒಂದು ಪಾಲಿನೊಳಗೇ ಇತ್ತು. ಭಾವ ಸುಮ್ಮನೆ ಕೇಳಿದರು.

ಅಕ್ಕ ಎಲ್ಲ ಕೇಳಿ ಅಂದಳು: "ತಮ್ಮಾ, ನೀ ಹೇಳೂದು ಖರೇ ಐತಿ. ಆದ್ರ ಮೂರು ವಾರ ಅಂದ್ರ ಎಷ್ಟು ಚಾದರ ಆದ್ವು, ಎಣಿಸು."

ದಿನಕ್ಕೆ ನಾಲ್ಕು, 21 ದಿನ. ಎಂಬತ್ನಾಲ್ಕು.

ಆ ಹೊತ್ತಿಗೆ ಮಷೀನು ನಿಂತು ಐದು ದಿನವಾಗಿತ್ತು. ಇಪ್ಪತ್ತು ಚಾದರ ಕೈಯಲ್ಲಿ ಒಗೆದಿದ್ದಳು. ಲಾಂಡ್ರಿಯವರು ಇಂಥ ಬಟ್ಟೆ ಬೇಡ ಎಂದಿದ್ದರು, ಮನೆಗೆಲಸದ ಹೆಂಗಸಿಗೆ ಇದನ್ನು ಹೇಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಮಳೆಗೆ ಒಂದೂ ಒಣಗಿರಲಿಲ್ಲ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಫ್ಯಾನು ಹಚ್ಚಿದ್ದರು, ನಾವು ಆ ಹಸಿ ಚಾದರಗಳ ನಡುವೆಯೇ ಕೂತು ಮಾತಾಡುತ್ತಿದ್ದೆವು. ದೀಪದ ಬೆಳಕಿನಲ್ಲಿ ಅವಳ ಬೆರಳ ಸಂದುಗಳು ಬೆಳ್ಳಗೆ ಬಿರಿದದ್ದು ಕಾಣುತ್ತಿತ್ತು.

ನನ್ನ ಲೆಕ್ಕದ ಹಾಳೆಯಲ್ಲಿ ರೂಪಾಯಿ ಇತ್ತು, ಯೂನಿಟ್ಟು ಇತ್ತು, ಸುತ್ತು ಇತ್ತು. ಮಷೀನು ನಿಂತ ದಿನಗಳನ್ನು ನಾನು ಅದರಲ್ಲಿ ಹಿಡಿದೇ ಇರಲಿಲ್ಲ. ಹಾಳೆ ಮಡಚಿಟ್ಟು ನಾಳೆ ಬೆಳಿಗ್ಗೆ ಅಂಗಡಿಗೆ ಹೋಗೋಣ ಎಂದೆ.

ಹೊಸದನ್ನು ಆರಿಸಿದ ಬಗೆ

ಬಿಚ್ಚಿ ನೋಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಅಂಗಡಿಯಲ್ಲಿ ಬಣ್ಣ, ಆ್ಯಪು, ಪರದೆ ಯಾವುದನ್ನೂ ಕೇಳಲಿಲ್ಲ. ಬಾಗಿಲ ಮೇಲೆ ಹತ್ತು ವರ್ಷದ ವಾರಂಟಿ ಎಂದು ದೊಡ್ಡದಾಗಿ ಅಂಟಿಸಿದ್ದರು. ಓದಿದರೆ ಅದು ಮೋಟರಿಗೆ ಮಾತ್ರ. ನಮ್ಮ ಹಳೆಯದರಲ್ಲಿ ಹನ್ನೆರಡು ವರ್ಷಕ್ಕೂ ಕೆಡದೆ ಉಳಿದದ್ದು ಅದೇ ಮೋಟರು! ಟಬ್ಬು, ಸ್ಪೈಡರ್, ಬೇರಿಂಗು ಸಾಮಾನ್ಯ ವಾರಂಟಿಯಲ್ಲೇ ಬರುತ್ತವೆ.

ಟಬ್ಬು ಸ್ಕ್ರೂದ್ದೋ ಅಂಟಿಸಿದ್ದೋ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗಲಿಲ್ಲ. ಭೋಸರಿಯ ಹುಡುಗನಿಗೆ ಮೂರು ಮಾಡೆಲಿನ ಸಂಖ್ಯೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಯಾವುದಕ್ಕೆ ಬೇರಿಂಗು ಮತ್ತು ಸೀಲು ಬಿಡಿಯಾಗಿ ಮಾರುಕಟ್ಟೆಯಲ್ಲಿ ಸಿಗುತ್ತವೆ ಎಂದು ಹೇಳಿದ. ಅದನ್ನೇ ತಂದೆವು. ಯುರೋಪಿನಲ್ಲಿ 2021ರ ಮಾರ್ಚಿನಿಂದ ವಾಷಿಂಗ್ ಮಷೀನು ತಯಾರಿಸುವವರು ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷ ಒದಗಿಸಲೇಬೇಕೆಂಬ ನಿಯಮ ಇದೆ. ನಮ್ಮ ಗ್ರಾಹಕ ಇಲಾಖೆಯೂ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್, ಅಂದರೆ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆದಿದೆ, ಗೃಹೋಪಯೋಗಿ ವಸ್ತುಗಳು ಅದರಲ್ಲಿ ಸೇರಿವೆ. ಕೊಳ್ಳುವ ಮೊದಲೇ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

ಹೊಸ ಮಷೀನಿಗೆ ಅಕ್ಕನ ಮನೆಯಲ್ಲಿ ಪದ್ಧತಿ ಬದಲಾಗಿದೆ. ಬ್ಲೀಚು ಬೇಕಾದ ಚಾದರವನ್ನು ಬಕೀಟಿನಲ್ಲಿ ನೆನೆಸಿ, ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಮಷೀನಿಗೆ. ಆಯಿಯ ಬಟ್ಟೆ 60 ಡಿಗ್ರಿ, ಉಳಿದವರದು ತಣ್ಣೀರು. ಸ್ಪಿನ್ 800ಕ್ಕಿಂತ ಮೇಲೆ ಇಲ್ಲ. ಎರಡು ತಿಂಗಳಿಗೊಮ್ಮೆ ಇಲ್ಲಿನವರು ಲಿಂಬೂಸತ್ವ ಅನ್ನುವ ಸಿಟ್ರಿಕ್ ಆಸಿಡ್ 100 ಗ್ರಾಂ ಹಾಕಿ ಖಾಲಿ ಮಷೀನನ್ನು ಬಿಸಿ ನೀರಿನಲ್ಲಿ ಓಡಿಸುತ್ತಾಳೆ. ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.

ಹಳೆಯದು

ಎಕ್ಸ್‌ಚೇಂಜಿಗೆ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಕೇಳಿದ್ದೆ. ವ್ಯಾನು ಬಂದು ಒಯ್ಯುತ್ತದೆ ಎಂಬಷ್ಟೇ ಉತ್ತರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮಷೀನೂ ಇದೆ, ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಆದರೆ ಇದಿನ್ನೂ ತ್ಯಾಜ್ಯ ಅಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹುಡುಗನೂ ಅದನ್ನೇ ಹೇಳಿದ. "ಅಕ್ಕಾರ, ನನಗ ಕೊಡ್ರಿ. 1,500 ಕೊಡತೀನಿ, ಬಿಚ್ಚಿದ್ದು 800 ಬ್ಯಾಡ. ನಮ್ಮ ರೂಮಿನಾಗ ಆರು ಮಂದಿ ಅದೀವಿ, ಎಲ್ಲಾರೂ ಎಮ್‌ಐಡಿಸಿ ಕಾರ್ಖಾನಿ ಒಳಗ ದುಡಿಯಾವ್ರು. ಸ್ಪೈಡರ್ ತಿಂಗಳಿಗೆ ಬರಲಿ, ನಮಗೇನು ಅವಸರ ಇಲ್ಲ." ಲೆಕ್ಕ ಹಾಕಿದರೆ 2,300, ಎಕ್ಸ್‌ಚೇಂಜಿನ 2,000ಕ್ಕಿಂತ ಹೆಚ್ಚೇ. ಅಕ್ಕ 1,500ರಲ್ಲಿ 500 ಅವನಿಗೇ ತಿರುಗಿ ಕೊಟ್ಟಳು, ಬೇರಿಂಗು ಒಳ್ಳೆಯದು ಹಾಕು ಎಂದು.

ಆಗಸ್ಟಿನಲ್ಲಿ ಸ್ಪೈಡರ್ ಬಂತೆಂದು ಫೋನು ಮಾಡಿದ. ನಾನೇ ಭೋಸರಿಗೆ ಹೋದೆ. ಹೊಸ 6206 ಮತ್ತು 6205ನ್ನು ಪೇಪರ್ ಬಿಚ್ಚಿ ಬೆರಳಲ್ಲಿ ತಿರುಗಿಸಿ ನೋಡಿ, ಹಿತ್ತಾಳೆ ಕೋಲಿನಿಂದ ಹೊರ ಉಂಗುರದ ಮೇಲಷ್ಟೇ ತಟ್ಟಿ ಕೂರಿಸಿದೆವು. ಬುಶ್ಶು ಕನ್ನಡಿಯ ಹಾಗಿತ್ತು, ಸೀಲಿಗೆ ಗ್ರೀಸು ಹಚ್ಚಿ ಇಳಿಸಿದೆವು. ಮಧ್ಯಾಹ್ನ ಮೂರಕ್ಕೆ ಮೊದಲ ಒಗೆತ ಹಾಕಿದರು, ಎಣ್ಣೆ ಕಲೆಯ ನೀಲಿ ಯೂನಿಫಾರ್ಮುಗಳು. ಸ್ಪಿನ್ ಏರಿದಾಗ ಅಕ್ಕನಿಗೆ ಫೋನು ಹಚ್ಚಿ ಮಷೀನಿನ ಪಕ್ಕಕ್ಕೆ ಹಿಡಿದೆ.

"ಎಲ್ಲಿ, ಏನೂ ಕೇಳಿಸವಲ್ದು" ಅಂದಳು.